ಕೆಂಪು ವೃತ್ತದ ಎಡಭಾಗ

"ಮುಟ್ಟಬೇಡಿ" ಅಂತ ದಿನಕ್ಕೆ ನೂರು ಸಲ ಹೇಳಿ ಹೇಳಿ ಚಿತ್ರಶಾಲೆಯ ಕಾವಲುಗಾರನ ಬಾಯಿ ಒಣಗಿಹೋಗಿತ್ತು. ಗೋಡೆಗೆ ತೂಗುಹಾಕಿದ ರತ್ನಗಂಬಳಿಯ ಮುಂದೆ ಈಗ ಒಬ್ಬ ತಾಯಿ, ಮಗಳು ನಿಂತಿದ್ದರು.

"ಇದೇ ಕಣೇ, ನಾನೂ ನಿಮ್ಮಜ್ಜಿಯೂ ನೇಯ್ದದ್ದು."

"ಫಲಕದಲ್ಲಿ ಕಲಾವಿದರ ಹೆಸರಷ್ಟೇ ಇದೆಯಲ್ಲಮ್ಮಾ!"

"ಚಿತ್ರ ಅವರದ್ದು ತಾನೇ? ಕಾಗದದಲ್ಲಿ ಒಂದು ಕೆಂಪು ವೃತ್ತ ಬರೆದು ಕಳಿಸಿದ್ರು. ಅದರ ಎಡಭಾಗಕ್ಕೆ ಅಜ್ಜಿ ಕೂತ್ರು, ಬಲಕ್ಕೆ ನಾನು."

"ಎರಡೂ ಒಂದೇ ಥರ ಇದೆ."

"ಕಣ್ಣಿಗೆ ಹಾಗೇ. ಕೈಗೆ ಗೊತ್ತಾಗುತ್ತೆ. ನಿಮ್ಮಜ್ಜಿ ಹಾಕೋ ಗಂಟು ಬಲು ಬಿಗಿ, ಅವರ ಮಾತಿನ ಹಾಗೇ. ಅವರು ಹೋಗಿ ಆರು ವರ್ಷ ಆಯ್ತು. ಆ ಗಂಟು ಸಡಿಲ ಆಗಿರಲ್ಲ."

ಕಾವಲುಗಾರನಿಗೆ ಇದ್ದಕ್ಕಿದ್ದಂತೆ ಕಿಟಕಿಯ ಚಿಲಕ ನೋಡಬೇಕೆನಿಸಿತು. ನಿಧಾನವಾಗಿಯೇ ನೋಡಿದ. ತಿರುಗಿದಾಗ ಅವರಿಬ್ಬರೂ ಬಾಗಿಲು ದಾಟಿದ್ದರು.

ಕೆಂಪಿನ ಎಡಭಾಗದಲ್ಲಿ ಮಾತ್ರ ನಾಲ್ಕು ಬೆರಳಿನ ಗುರುತಿತ್ತು.