ಹತ್ತಿರದ ಸಂಬಂಧವೆಂಬ ತಕರಾರು

ಇವತ್ತು ಬಹಳ ಗಹನವಾದ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದೇವೆ, ಮೊಬೈಲುಗಳನ್ನು ಒಳಗಿಡಿ. ಮದುವೆ ಊಟಕ್ಕೆ ಜಿಲೇಬಿಯೋ, ಹೋಳಿಗೆಯೋ?

ಯಲ್ಲಾಪುರದ ಕಡೆ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಒಬ್ಬಳೇ ಮಗಳ ಮದುವೆಗೆಂದು ವಾರಗಟ್ಟಲೆ ಇದನ್ನೇ ಚಿಂತಿಸಿದ. ವರ ಯಾರಾಗಬೇಕೆಂದು ಮಗಳನ್ನು ಕೇಳುವುದು ಮಾತ್ರ ಹೊಳೆಯಲಿಲ್ಲ. ನೋಡಿ, ದೊಡ್ಡ ಚಿಂತೆಯಲ್ಲಿದ್ದವರಿಗೆ ಇಂಥ ಸಣ್ಣಪುಟ್ಟದ್ದು ಹೊಳೆಯುವುದಿಲ್ಲ.

ಮಗಳೇ ಹೇಳಿದಳು. ಹುಡುಗ ಬಸ್ಸಿನ ಡ್ರೈವರ್, ಸಿದ್ದಿ ಜನಾಂಗದವನು. ಶತಮಾನಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ತಂದಿಳಿಸಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಈ ಸಿದ್ದಿಯರು. ಯಲ್ಲಾಪುರದ ಕಾಡಿನಲ್ಲೇ ಬೇರೂರಿ, ನಮ್ಮ ನಿಮ್ಮ ಹಾಗೇ ಕನ್ನಡದಲ್ಲಿ ಜಗಳವಾಡಿಕೊಂಡು ಬದುಕಿದವರು. ಹುಡುಗನ ತಾಯಿ ಇದೇ ಶ್ರೀಮಂತನ ಅಂಗಳ ಗುಡಿಸುತ್ತಿದ್ದಳು. ಚಿಕ್ಕವನಿದ್ದಾಗ ಅವನೂ ಅವಳ ಸೆರಗು ಹಿಡಿದು ಬರುತ್ತಿದ್ದ. ಸನ್ಮಾನ ಸಭೆಗಳಲ್ಲಿ ಶ್ರೀಮಂತ ಹೇಳುತ್ತಿದ್ದ: "ಸಿದ್ದಿ ಮಕ್ಕಳು ನಮ್ಮನೆ ಮಕ್ಕಳೇ!" ಚಪ್ಪಾಳೆಯೋ ಚಪ್ಪಾಳೆ.

ಈಗ ಅವನೇ ಗುಡುಗಿದ: "ಆ ಬಣ್ಣ ನೋಡಿದ್ಯೇನೇ? ಆ ಕೂದ್ಲು? ನಾಳೆ ಹುಟ್ಟೋ ಮಕ್ಕಳನ್ನ ಯಾರ ಮುಂದೆ ಎತ್ತಿ ಆಡಿಸ್ಲಿ?"

"ಯಾರ ಮುಂದೂ ಬೇಡ ಅಪ್ಪ. ಸುಮ್ನೆ ಎತ್ಕೊಂಡ್ರೆ ಸಾಕು," ಎಂದಳು ಮಗಳು.

ಜೋಡಿ ವಿಶೇಷ ವಿವಾಹ ಕಾಯ್ದೆಯಂತೆ ಅರ್ಜಿ ಹಾಕಿತು. ನೋಂದಣಿ ಕಚೇರಿಯ ಬೋರ್ಡಿಗೆ ನೋಟಿಸು ಬಿತ್ತು. ಒಂದು ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಶ್ರೀಮಂತ ವಕೀಲರ ಬಳಿಗೆ ಓಡಿದ.

"ಜಾತಿ ಬೇರೆ ಅಂತ ಬರೀರಿ."

"ನಡೆಯೋದಿಲ್ಲ, ಸಾಹುಕಾರ್ರೇ."

"ಜನಾಂಗವೇ ಬೇರೆ ಮಾರಾಯ್ರೇ!"

"ಅದೂ ನಡೆಯೋದಿಲ್ಲ. ವಯಸ್ಸಾಗಿಲ್ಲ, ಮೊದಲೇ ಮದುವೆಯಾಗಿದೆ, ಬುದ್ಧಿ ಸ್ಥಿಮಿತದಲ್ಲಿಲ್ಲ, ಇಲ್ಲಾ ತೀರಾ ಹತ್ತಿರದ ಸಂಬಂಧ. ಇಷ್ಟೇ ಕಾರಣ. ದೂರದವರು ಅಂತ ಕಾನೂನು ತಡೆಯೋದಿಲ್ಲ. ಹತ್ತಿರದವರು ಅಂದ್ರೆ ತಡೀತದೆ."

ಹತ್ತಿರ! ಶ್ರೀಮಂತನ ಮುಖ ಅರಳಿತು. "ಹಾಗಾದ್ರೆ ಬರೀರಿ. ಅವ ನನ್ನ ಸಾಕುಮಗ. ಅವರಿಬ್ರೂ ಅಣ್ಣ ತಂಗಿ."

ವಕೀಲರು ಒಮ್ಮೆ ಕೆಮ್ಮಿದರು. ಆಮೇಲೆ ಬರೆದರು.

ಅಧಿಕಾರಿ ಶ್ರೀಮಂತನ ಮುಖ ನೋಡಿ ಮದುವೆ ತಡೆದ. ಜೋಡಿ ಜಿಲ್ಲಾ ನ್ಯಾಯಾಲಯದ ಮೆಟ್ಟಿಲು ಹತ್ತಿತು. ನ್ಯಾಯಾಧೀಶೆ ಶ್ರೀಮಂತನನ್ನು ಕೇಳಿದರು:

"ನಿಮ್ಮ ಸಾಕುಮಗ ಎಲ್ಲಿ ಊಟ ಮಾಡ್ತಿದ್ದ?"

"ಜಗಲಿ ಮೇಲೆ."

"ಒಳಗೆ?"

"ಒಳಗೆ... ಬರೋ ರೂಢಿ ಇರ್ಲಿಲ್ಲ."

"ಉಂಡ ಎಲೆ ಯಾರು ತೆಗೀತಿದ್ರು?"

"ಅವನೇ."

"ಎಂಥ ಮಗ ಸ್ವಾಮಿ ಅವನು?"

ಮಗನೇ ಹೌದೆಂದರೆ ಸುಳ್ಳು, ಅಲ್ಲವೆಂದರೆ ಸೋಲು. ಎದುರಿಗೆ ಮಗಳು ನೋಡುತ್ತಿದ್ದಳು. ಅವಳು ಆ ಜಗಲಿಯನ್ನು ದಾಟಿಕೊಂಡೇ ಬೆಳೆದವಳು.

ನಗಬೇಡಿ. ನಗುವ ಮೊದಲು ಹೇಳಿ: ನಿಮ್ಮಲ್ಲಿ 'ನಮ್ಮ ಮನೆಯವರ ಹಾಗೆ' ಇರುವವರು ಎಲ್ಲಿ ಕೂತು ಉಣ್ಣುತ್ತಾರೆ? ನಾಳೆ ಬೆಳಿಗ್ಗೆ ಅವರನ್ನು ಒಳಗೆ ಕರೆಯಿರಿ. ಪಕ್ಕದಲ್ಲಿ ಕೂರಿಸಿಕೊಂಡು ತಿಂಡಿ ತಿನ್ನಿ. ಮಗಳು ಒಂದು ಹೆಸರು ಹೇಳಿದರೆ ಕುಲ ಕೇಳಬೇಡಿ, ಬಣ್ಣ ಕೇಳಬೇಡಿ, ಹುಡುಗನನ್ನು ಊಟಕ್ಕೆ ಕರೆಯಿರಿ. ಒಳಗೆ ಕರೆಯಿರಿ. ವೇದಿಕೆಯ ಮೇಲೆ ಆಡಿದ ಅಕ್ಕರೆಯನ್ನು ಕಟಕಟೆಯಲ್ಲಿ ನಿಂತು ರುಜುವಾತು ಮಾಡುವ ಪಾಡು ಯಾರಿಗೂ ಬರಬಾರದು.

ತಕರಾರು ವಜಾ ಆಯಿತು. ಮದುವೆ ನೋಂದಣಿಯಾಯಿತು. ಸಾಕ್ಷಿಗೆ ಮೂವರು ಸಹಿ ಹಾಕಿದರು, ತಂದೆ ಹೋಗಲಿಲ್ಲ.