ಕೆಮ್ಮಿದರೆ ಉತ್ತರ ಕೊಡಬೇಡ
ಬ್ರಿಸ್ಬೇನ್ ವಿಮಾನ ನಿಲ್ದಾಣದ ಸಿಬ್ಬಂದಿ ಬಸ್ಸಿನಲ್ಲಿ, ಕಾಫಿ ಅಂಗಡಿಯ ನೊರೀನಳ ಎದುರಿನ ಸೀಟಿನಲ್ಲಿ ವಿಮಾನಕ್ಕೆ ಲಗೇಜು ತುಂಬುವ ಇಬ್ಬರು ಕೂತಿದ್ದರು. ಗಂಡಸಿನ ಕೈಯಲ್ಲಿ ಕಂಪನಿಯ ಪತ್ರವಿತ್ತು. ಹೆಂಗಸಿನ ಅಂಗಿಯ ಮೇಲೆ ಯೂನಿಯನ್ ಪ್ರತಿನಿಧಿಯ ಬಿಲ್ಲೆ.

“ಹತ್ತು ಗಂಟೆಗೆ ಸುಮ್ನೆ ಮಾತುಕತೆ ಅಂತ ಬರೆದಿದ್ದಾರೆ, ಕಾಲೀನ್.”

“ಸುಮ್ನೆ ಮಾತಾಡೋಕೆ ಯಾರಾದ್ರೂ ಪತ್ರ ಬರೀತಾರಾ, ಸಿಯೋನೆ? ವಿಮಾನದ ಬಾಗಿಲು ನೆಗ್ಗಿದ್ದನ್ನ ನಿನ್ನ ತಲೆಗೆ ಕಟ್ಟಿ ಮನೆಗೆ ಕಳಿಸ್ತಾರೆ. ನಾನೂ ಒಳಗೆ ಬರ್ತೀನಿ.”

“ನೆಗ್ಗಿದೆ ಅಂತ ಹೋಗಿ ಹೇಳಿದ್ದೇ ನಾನು.”

“ಅದಕ್ಕೇ ಸಿಕ್ಕಿಬಿದ್ದೆ.”

“ಜೊತೆಗೆ ಬಂದವರು ಬಾಯಿ ಬಿಡೋ ಹಾಗಿಲ್ಲ ಅಂತಿದೆ ಇಲ್ಲಿ. ನಿನ್ ಕೈಲಿ ಆಗುತ್ತಾ?”

“ಕೆಮ್ಮಬಾರದು ಅಂತ ಇಲ್ವಲ್ಲ. ನಾನು ಕೆಮ್ಮಿದ್ರೆ ಆ ಪ್ರಶ್ನೆಗೆ ಉತ್ತರ ಕೊಡಬೇಡ.”

“ನಗು ಬಂದ್ರೆ?”

“ಮೂರು ಮಕ್ಕಳಿದಾವಲ್ಲ ಮನೇಲಿ, ಅವನ್ನ ನೆನೆಸ್ಕೋ.”

ಬಸ್ಸು ನಿಂತಿತು. ನೊರೀನ್ ಅವರ ಹಿಂದೆಯೇ ಇಳಿದಳು. ಗೇಟಿನಲ್ಲಿದ್ದ ಮೇಲ್ವಿಚಾರಕ ಸಿಯೋನೆಯ ಬೆನ್ನು ತಟ್ಟಿ, ತಗ್ಗಿದ ದನಿಯಲ್ಲಿ ಕೇಳಿದ: “ನಮ್ಮಿಬ್ಬರಲ್ಲೇ ಇರ್ಲಿ, ಅವತ್ತು ನೀನು ನಿದ್ದೆಗೆಟ್ಟು ಬಂದಿದ್ದೆ, ಅಲ್ವಾ?”

ಸಿಯೋನೆ ಬಾಯಿ ತೆರೆದ. ಹಿಂದೆ ನಿಂತಿದ್ದ ಕಾಲೀನ್ ಕೆಮ್ಮಿದಳು.

ಅವನು ತುಟಿ ಬಿಗಿದುಕೊಂಡು ಒಳಗೆ ನಡೆದ.