ಜಡೇಗೌಡ ಬರೆದ ಮಗಳು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಸೋಲಿಗರ ಅಣ್ಣ ತಂಗಿ ಕೂತಿದ್ದರು. ತಂಗಿಯ ಮಡಿಲಲ್ಲಿ ಸುತ್ತಿಟ್ಟ ಚಿತ್ರದ ಹಾಳೆಗಳಿದ್ದವು.

“ಇವೆಲ್ಲ ನಿನ್ ಗಂಡ ಜಡೇಗೌಡ ಜೈಲಲ್ಲಿ ಬರ್ದಿದ್ದಾ, ಕೇತಮ್ಮ?”

“ಊಂ ಕಣಣ್ಣ. ಅನ್ನೊಂದು ವರ್ಸ ಇದ್ನೇ ಬರ್ದವ್ರೆ. ನಮ್ಮ ಪೋಡಿನ ಗುಡ್ಲುಗಳು, ಜೇನಿನ ಮರ, ಬಾಗ್ಲಲ್ಲಿ ಮಗ್ಳು. ಮೈಸೂರಲ್ಲಿ ಗೋಡೆಗೆ ಆಕಿದ್ರು, ಜನ ಬಂದು ನೋಡುದ್ರು.”

“ತಪ್ಪಿಲ್ಲ ಅಂತ ಕೋರ್ಟು ಬುಡ್ತಲ್ಲ. ಮನೆಗೂ ಬಂದ. ಇನ್ನೇನವ್ವ?”

“ಚಿತ್ರದಲ್ಲಿ ಮಗ್ಳು ಐದು ವರ್ಸದೋಳು. ಈಗ ಅವ್ಳಿಗೆ ಅದಿನಾರು. ಎದುರ್ಗೆ ನಿಂತ್ರೂ ‘ನೀನಲ್ಲ, ನನ್ ಮಗಿ ಎಲ್ಲಿ?’ ಅಂತರೆ.”

“ಡಾಕ್ಟ್ರು ಏನಂದ್ರು?”

“ಬರೆಯಕ್ಕೆ ಕೊಡಿ, ಸರೋಯ್ತರೆ ಅಂದ್ರು. ಕೊಟ್ರೆ ಆ ಐದು ವರ್ಸದೋಳ್ನೇ ಬರೀತರೆ.”

“ಮಗಿ ಏನಂತು?”

“ನೆನ್ನೆ ತನ್ನ ಚಿಕ್ಕಂದಿನ ಲಂಗ ತಕಂಡೋಗಿ ಅವ್ರಿಗೆ ತೋರ್ಸುದ್ಲು, ಗುರ್ತು ಸಿಕ್ಕಲಿ ಅಂತ. ‘ನನ್ ಮಗೀದು ಕದ್ದವ್ಳೆ, ಆಚೆಗೆ ಕಳ್ಸು’ ಅಂತ ಕೂಗಾಡುದ್ರು.”

ಕೇತಮ್ಮ ಹಾಳೆಗಳ ಸುರುಳಿಯನ್ನು ಬಿಗಿಯಾಗಿ ಸುತ್ತಿದಳು.

“ಅದ್ಕೇ ನಿನ್ನ ಕರ್ಸಿದ್ದು. ಅವ್ಳ ನಿಮ್ಮನೆಗೆ ಕರ್ಕಂಡೋಗಣ್ಣ.”

“ನೀನು?”

“ಅವ್ರು ನನ್ ಗುರ್ತಾದ್ರೂ ಇಡೀತರಲ್ಲ.”

ಹನೂರಿನ ಬಸ್ಸು ಬಂತು. ಇಬ್ಬರೂ ಎದ್ದು ಹತ್ತಿದರು.